ಮೊಬೈಲ್‌ಗೆ ಸಿಗುವ ವೈಫೈ ಲ್ಯಾಪ್‌ಟಾಪ್‌ಗೆ ಯಾಕೆ ಸಿಗುತ್ತಿಲ್ಲ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

'ಲ್ಯಾಪ್‌ಟಾಪ್‌ನಲ್ಲಿ ವೈಫೈ ಬರ್ತಿಲ್ಲ' ಎಂಬ ಒಂದೇ ದೂರಿನೊಳಗೆ ಹತ್ತಾರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಲ್ಯಾಪ್‌ಟಾಪ್ ಒಳಗಿನ ವೈಫೈ ಕಾರ್ಡ್ ಕೈಕೊಟ್ಟಿರಬಹುದು, ರೂಟರ್ ಹ್ಯಾಂಗ್ ಆಗಿರಬಹುದು, ಬೀದಿಯಲ್ಲಿ ಜೆಸಿಬಿ ಫೈಬರ್ ಕಿತ್ತಿರಬಹುದು, ರೀಚಾರ್ಜ್ ಅವಧಿ ಮುಗಿದಿರಬಹುದು. ಪರದೆಯ ಮೇಲೆ ಇವೆಲ್ಲ ಹೆಚ್ಚುಕಡಿಮೆ ಒಂದೇ ತರ ಕಾಣುತ್ತವೆ. ಹಾಗಾಗಿ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಅಳಿಸುವುದು, ವಿಂಡೋಸ್ ಹೊಸದಾಗಿ ಹಾಕಿಸುವುದು ಇಂಥ ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ತೊಂದರೆ ಲ್ಯಾಪ್‌ಟಾಪ್‌ನದೋ, ರೂಟರ್‌ನದೋ, ಹೊರಗಿನ ಲೈನಿನದೋ ಎಂದು ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಕೈಯಲ್ಲಿರುವ ಮೊಬೈಲ್ ಸಾಕು.

ಇಲ್ಲಿ ಹೇಳಿರುವ ಮೆನುಗಳು ವಿಂಡೋಸ್ 10 ಮತ್ತು 11ಕ್ಕೆ ಹೊಂದುತ್ತವೆ. ಮ್ಯಾಕ್‌ನಲ್ಲಿ ಬೇರೆ ಇರುವ ಕಡೆ ಹೇಳಿದೆ.

ತೊಂದರೆ ಯಾವ ಕಡೆಯದು?

ಮೊದಲನೆಯ ಪರೀಕ್ಷೆ. ಮೊಬೈಲ್‌ನಲ್ಲಿ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಸೇರಿಸಿ, ಈವರೆಗೆ ನೋಡಿರದ ಯಾವುದಾದರೂ ಪುಟ ತೆರೆಯಿರಿ. ಡೇಟಾ ಆಫ್ ಮಾಡದಿದ್ದರೆ ಈ ಪರೀಕ್ಷೆಗೆ ಬೆಲೆಯಿಲ್ಲ. ವೈಫೈನಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಫೋನ್ ಸದ್ದಿಲ್ಲದೆ 4ಜಿಗೋ 5ಜಿಗೋ ಹೊರಳಿಕೊಳ್ಳುತ್ತದೆ, ನೀವು ರೂಟರ್ ಚೆನ್ನಾಗಿದೆ ಅಂದುಕೊಳ್ಳುತ್ತೀರಿ.

ಎರಡನೆಯದು. ಈಗ ಡೇಟಾ ಆನ್ ಮಾಡಿ, ಅದೇ ಫೋನಿನ ಹಾಟ್‌ಸ್ಪಾಟ್ ಹಚ್ಚಿ, ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ ನೋಡಿ. ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ (ವೈಫೈ ಬಳಸುವ ರೇಡಿಯೋ ತರಂಗದ ಪಟ್ಟಿ) ಆಯ್ಕೆ ಇದ್ದರೆ 2.4 ಗಿಗಾಹರ್ಟ್ಸ್ ಇಟ್ಟುಕೊಳ್ಳಿ.

ಮೊಬೈಲ್‌ಗೂ ಮನೆಯ ವೈಫೈನಲ್ಲಿ ಇಂಟರ್ನೆಟ್ ಇಲ್ಲ ಎಂದಾದರೆ ಲ್ಯಾಪ್‌ಟಾಪನ್ನು ಮುಟ್ಟಲೇಬೇಡಿ, ದೋಷ ರೂಟರ್ ಅಥವಾ ಲೈನಿನದು. ಮೊಬೈಲ್‌ಗೆ ಮನೆಯ ವೈಫೈ ಸಿಗುತ್ತದೆ, ಲ್ಯಾಪ್‌ಟಾಪ್ ಹಾಟ್‌ಸ್ಪಾಟ್‌ಗೂ ಸೇರುತ್ತದೆ ಎಂದಾದರೆ ಎರಡೂ ಉಪಕರಣ ಗಟ್ಟಿಯಾಗಿವೆ, ತಕರಾರು ಇರುವುದು ಅವೆರಡರ ನಡುವೆ: ಪಾಸ್‌ವರ್ಡ್, ಭದ್ರತೆಯ ಬಗೆ, ಬ್ಯಾಂಡ್, ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಉಪಕರಣವನ್ನು ಗುರುತಿಸುವ ಅಂಕಿ) ಇತ್ಯಾದಿ. ಹಾಟ್‌ಸ್ಪಾಟ್‌ಗೂ ಸೇರದಿದ್ದರೆ ಲ್ಯಾಪ್‌ಟಾಪ್ ಕಡೆಯೇ ನೋಡಬೇಕು.

ಇನ್ನೊಂದು ಉಪಾಯ ತಿಳಿದಿರಲಿ. ಆಂಡ್ರಾಯ್ಡ್ ಫೋನನ್ನು ಚಾರ್ಜರ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡಿದರೆ ವೈಫೈ ಕಾರ್ಡ್ ಪೂರ್ತಿ ಸತ್ತಿದ್ದರೂ ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ಬರುತ್ತದೆ. ಡೇಟಾ ಒಯ್ಯುವ ಕೇಬಲ್ ಆಗಿರಬೇಕು ಅಷ್ಟೆ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಮುಂದೆ ಡ್ರೈವರ್ ಇಳಿಸಿಕೊಳ್ಳುವಾಗ ಈ ದಾರಿ ಬೇಕಾಗುತ್ತದೆ.

ಇಷ್ಟಾದ ಮೇಲೆ ಎರಡನ್ನೂ ಒಮ್ಮೆ ಮರುಚಾಲನೆ ಮಾಡಿ. ರೂಟರ್‌ನ ಸ್ವಿಚ್ ಆರಿಸಿ 30 ಸೆಕೆಂಡ್ ಬಿಟ್ಟು ಹಾಕಿ, ಎರಡು ಮೂರು ನಿಮಿಷ ಕಾಯಿರಿ. ಲ್ಯಾಪ್‌ಟಾಪ್‌ನಲ್ಲಿ 'ಶಟ್ ಡೌನ್' ಬೇಡ, 'ರೀಸ್ಟಾರ್ಟ್' ಒತ್ತಿ. ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ಆನ್ ಇದ್ದರೆ ಶಟ್ ಡೌನ್ ಮಾಡಿದಾಗ ಡ್ರೈವರ್‌ಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು, ಮತ್ತೆ ಆನ್ ಮಾಡಿದಾಗ ಹಾಗೇ ವಾಪಸ್ ಬರುತ್ತದೆ. ಕೆಟ್ಟ ಸ್ಥಿತಿಯೂ ಜೊತೆಗೇ ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಒಂದು ಎಚ್ಚರಿಕೆ: ರೂಟರ್ ಹಿಂದಿನ ಪಿನ್ ಗಾತ್ರದ ತೂತಿನೊಳಗಿರುವ 'ರೀಸೆಟ್' ಗುಂಡಿ ಬೇರೆ, ಆನ್-ಆಫ್ ಬೇರೆ. ರೀಸೆಟ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಬ್ರಾಡ್‌ಬ್ಯಾಂಡ್ ಕಂಪನಿ ತುಂಬಿಸಿದ್ದ ಯೂಸರ್ ನೇಮ್, ಪಾಸ್‌ವರ್ಡ್ ಸಹಿತ ಎಲ್ಲ ಅಳಿಸಿಹೋಗುತ್ತದೆ. ಆಮೇಲೆ ಟೆಕ್ನಿಷಿಯನ್ ಬರುವವರೆಗೆ ಮನೆಯಲ್ಲಿ ಯಾರಿಗೂ ನೆಟ್ ಇರುವುದಿಲ್ಲ.

ಲಕ್ಷಣ: ಮನೆಯಲ್ಲಿ ಯಾವ ಉಪಕರಣಕ್ಕೂ ಇಂಟರ್ನೆಟ್ ಇಲ್ಲ

ಫೈಬರ್ ಸಂಪರ್ಕವಿದ್ದರೆ ಡಬ್ಬಿಯ ದೀಪಗಳೇ ಮುಕ್ಕಾಲು ಪಾಲು ಹೇಳಿಬಿಡುತ್ತವೆ. 'ಎಲ್‌ಒಎಸ್' ದೀಪ ಕೆಂಪಗೆ ಉರಿಯುತ್ತಿದ್ದರೆ ಅಥವಾ ಮಿನುಗುತ್ತಿದ್ದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ: ಎಲ್ಲೋ ತುಂಡಾಗಿದೆ, ಮಡಚಿಕೊಂಡಿದೆ, ಇಲ್ಲವೇ ಹಸಿರು ತುದಿಯ ಕನೆಕ್ಟರ್ ಸಡಿಲವಾಗಿದೆ. 'ಪಿಒಎನ್' ದೀಪ ಸ್ಥಿರವಾಗಿರದೆ ಮಿನುಗುತ್ತಲೇ ಇದ್ದರೆ ಬೆಳಕು ಬರುತ್ತಿದೆ, ಆದರೆ ಎಕ್ಸ್‌ಚೇಂಜ್ ಕಡೆಯ ಯಂತ್ರದೊಂದಿಗೆ ನೋಂದಣಿ ಆಗುತ್ತಿಲ್ಲ. ಎರಡೂ ಸರಿಯಿದ್ದು 'ಇಂಟರ್ನೆಟ್' ದೀಪ ಮಾತ್ರ ಕೆಂಪಾಗಿದ್ದರೆ ಅಥವಾ ಆರಿದ್ದರೆ ಲಾಗಿನ್ ಅಥವಾ ಬಿಲ್ಲಿನ ವಿಷಯ. ಮೊದಲು ರೀಚಾರ್ಜ್ ತಾರೀಖು ನೋಡಿ.

ನೀವು ಮಾಡಬಹುದಾದ್ದು ಇಷ್ಟು. ಡಬ್ಬಿಯ ಹಿಂದಿನ ತೆಳ್ಳಗಿನ ಫೈಬರ್ ಕೇಬಲ್ ಎಲ್ಲಾದರೂ ಚೂಪಾಗಿ ಮಡಚಿದೆಯಾ, ಸೋಫಾ ಕಾಲಿನ ಕೆಳಗೆ ಸಿಕ್ಕಿದೆಯಾ, ಇಲಿ ಕಡಿದಿದೆಯಾ ಎಂದು ನೋಡಿ. ಸುತ್ತಿಡುವುದಾದರೆ ಸುರುಳಿ ಕಾಫಿ ಲೋಟದ ಬಾಯಿಗಿಂತ ಚಿಕ್ಕದಾಗಬಾರದು. ಕನೆಕ್ಟರ್ ಬಿಚ್ಚಬೇಡಿ. ಬಿಚ್ಚಿದರೂ ತುದಿಯತ್ತ ಕಣ್ಣಿಟ್ಟು ನೋಡಲೇಬೇಡಿ. ಒಳಗೆ ಹರಿಯುವುದು 1490 ಮತ್ತು 1310 ನ್ಯಾನೋಮೀಟರ್‌ನ ಲೇಸರ್ ಬೆಳಕು, ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುವುದೂ ಇಲ್ಲ.

ದೀಪಗಳೆಲ್ಲ ಸರಿಯಿದ್ದೂ ದಿನಕ್ಕೆ ನಾಲ್ಕು ಸಲ ನೆಟ್ ಹೋಗಿ ಬರುತ್ತಿದ್ದರೆ ರೂಟರ್‌ನ ಪುಟಕ್ಕೆ (ಬ್ರೌಸರ್‌ನಲ್ಲಿ ರೂಟರ್‌ನ ವಿಳಾಸ ಕೊಟ್ಟರೆ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ 'ಆರ್‌ಎಕ್ಸ್ ಪವರ್', ಅಂದರೆ ಒಳಬರುವ ಬೆಳಕಿನ ಶಕ್ತಿ, ಎಂಬ ಅಂಕಿ ನೋಡಿ. ಸಾಮಾನ್ಯ ಮನೆ ಫೈಬರ್‌ನಲ್ಲಿ ಅದು -8ರಿಂದ -27 ಡಿಬಿಎಂ ಒಳಗಿರಬೇಕು. -26, -27ರ ಅಂಚಿನಲ್ಲಿ ತೂಗಾಡುತ್ತಿದ್ದರೆ ಲೈನ್ ಕ್ಷೀಣವಾಗಿದೆ. ಈ ಅಂಕಿ ಹೇಳಿ ದೂರು ಕೊಟ್ಟರೆ 'ರೂಟರ್ ಆಫ್ ಮಾಡಿ ಆನ್ ಮಾಡಿ ಸರ್' ಎಂಬ ಉತ್ತರದಿಂದ ಪಾರಾಗಬಹುದು.

ಗುಡುಗು ಸಿಡಿಲಿನ ಮಳೆಯಾದ ಮರುದಿನ ರೂಟರ್ ಸತ್ತಿದ್ದರೆ ಮೊದಲು ಅಡಾಪ್ಟರ್ ಮೇಲೆ ಅನುಮಾನಪಡಿ. ಬಹುತೇಕ ರೂಟರ್‌ಗಳು 12 ವೋಲ್ಟ್‌ನವು. ಬದಲಿ ಅಡಾಪ್ಟರ್‌ನ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಹಳೆಯದರಷ್ಟು ಅಥವಾ ಹೆಚ್ಚಿರಬೇಕು, ಪಿನ್ನಿನ ಪ್ಲಸ್-ಮೈನಸ್ ಗುರುತು ಹೊಂದಬೇಕು. ಫೈಬರ್ ಗಾಜಿನದಾದ್ದರಿಂದ ಸಿಡಿಲಿನ ವಿದ್ಯುತ್ತು ಅದರೊಳಗೆ ಬರುವುದಿಲ್ಲ, ಆದರೆ ಕರೆಂಟ್ ಲೈನಿನಿಂದ ಮತ್ತು ಕೇಬಲ್ ಆಪರೇಟರ್ ಕಂಬದಿಂದ ಎಳೆದ ತಾಮ್ರದ ಲ್ಯಾನ್ ತಂತಿಯಿಂದ ಬರುತ್ತದೆ. ಮೋಡ ಕಟ್ಟುವಾಗಲೇ ಎರಡನ್ನೂ ಕಿತ್ತಿಡಿ. ಸಿಡಿಲು ಶುರುವಾದ ಮೇಲೆ ತಂತಿ ಮುಟ್ಟಲು ಹೋಗಬೇಡಿ.

ಲಕ್ಷಣ: ಲ್ಯಾಪ್‌ಟಾಪ್‌ನಲ್ಲಿ ವೈಫೈ ಗುರುತೇ ಮಾಯ

ಪರದೆಯ ಕೆಳಗಿನ ಪಟ್ಟಿಯಲ್ಲಿ ವೈಫೈ ಚಿತ್ರದ ಬದಲು ಗೋಳವೋ ವಿಮಾನವೋ ಕಾಣುತ್ತಿದೆ, ಸೆಟ್ಟಿಂಗ್ಸ್‌ನಲ್ಲಿ ವೈಫೈ ಎಂಬ ಸಾಲೇ ಇಲ್ಲ. ವಿಮಾನವಿದ್ದರೆ ಏರೋಪ್ಲೇನ್ ಮೋಡ್ ಆಗಿದೆ. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ವಿಮಾನದ ಅಥವಾ ಆಂಟೆನಾದ ಚಿತ್ರವಿರುವ ಕೀಲಿ ಒತ್ತಿ, ಬೇಕಾದರೆ 'ಎಫ್‌ಎನ್' ಜೊತೆಗೆ. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಮುಂದಿನ ಅಂಚಿಗೋ ಪಕ್ಕಕ್ಕೋ ಜಾರಿಸುವ ಸ್ವಿಚ್ ಇರುತ್ತದೆ. ಬ್ಯಾಗಿನೊಳಗೆ ತಾಗಿ ಅದು ಆಫ್ ಆಗಿರುವುದುಂಟು.

ವಿಮಾನ ಇಲ್ಲದಿದ್ದರೆ ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ 'ಡಿವೈಸ್ ಮ್ಯಾನೇಜರ್' ತೆರೆದು 'ನೆಟ್‌ವರ್ಕ್ ಅಡಾಪ್ಟರ್ಸ್' ಹಿಗ್ಗಿಸಿ. ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್, ಕ್ವಾಲ್ಕಾಮ್ ಇವುಗಳಲ್ಲಿ ಒಂದರ ಹೆಸರಿನ ಜೊತೆ 'ವೈರ್‌ಲೆಸ್' ಅಥವಾ 'ವೈಫೈ' ಎಂದಿರಬೇಕು.

ಹೆಸರಿದ್ದು ಅದರ ಮೇಲೆ ಕೆಳಮುಖ ಬಾಣವಿದ್ದರೆ ಯಾರೋ ನಿಷ್ಕ್ರಿಯ ಮಾಡಿದ್ದಾರೆ, ಬಲ ಕ್ಲಿಕ್ ಮಾಡಿ 'ಎನೇಬಲ್' ಒತ್ತಿ. ಹೆಸರಿಲ್ಲದೆ ಬೇರೊಂದು ಕಡೆ 'ನೆಟ್‌ವರ್ಕ್ ಕಂಟ್ರೋಲರ್' ಎಂದು ಹಳದಿ ತ್ರಿಕೋನ ಇದ್ದರೆ ಕಾರ್ಡ್ ಇದೆ, ಡ್ರೈವರ್ ಇಲ್ಲ. ವಿಂಡೋಸ್ ಹೊಸದಾಗಿ ಹಾಕಿಸಿದ ಲ್ಯಾಪ್‌ಟಾಪ್‌ಗಳಲ್ಲಿ ಇದು ಸಾಮಾನ್ಯ. ಯುಎಸ್‌ಬಿ ಟೆದರಿಂಗ್ ಮಾಡಿಕೊಂಡು ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟದಲ್ಲಿ ನಿಮ್ಮ ಮಾದರಿ ಸಂಖ್ಯೆ ಕೊಟ್ಟು ವೈಫೈ ಡ್ರೈವರ್ ಇಳಿಸಿಕೊಳ್ಳಿ. 'ಎಲ್ಲ ಡ್ರೈವರ್ ತಾನೇ ಅಪ್‌ಡೇಟ್ ಮಾಡುತ್ತೇವೆ' ಎನ್ನುವ ಉಚಿತ ತಂತ್ರಾಂಶಗಳ ಸಹವಾಸ ಬೇಡ.

ಹೆಸರಿದ್ದು ಹಳದಿ ತ್ರಿಕೋನವಿದ್ದರೆ ಅದರ ಮೇಲೆ ಎರಡು ಸಲ ಕ್ಲಿಕ್ಕಿಸಿ ಕೋಡ್ ಓದಿ. 'ಕೋಡ್ 10' ಎಂದರೆ ಕಾರ್ಡ್ ಎಚ್ಚರಗೊಳ್ಳುತ್ತಿಲ್ಲ ಎಂದರ್ಥ. ಇದಕ್ಕೆ ಖರ್ಚಿಲ್ಲದ ಮದ್ದೊಂದಿದೆ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ತೆಗೆಯುವಂಥದ್ದಾದರೆ ತೆಗೆದು, ಪವರ್ ಗುಂಡಿಯನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದ ಚಾರ್ಜ್ ಇಳಿದುಹೋಗಿ ಕಾರ್ಡ್ ನಿಜವಾದ ಅರ್ಥದಲ್ಲಿ ಆಫ್ ಆಗುತ್ತದೆ. ಮಾಮೂಲಿ ರೀಸ್ಟಾರ್ಟ್‌ನಲ್ಲಿ ಅದಕ್ಕೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಚಿಕ್ಕ ಉಪಾಯ ಎಂದು ಬಿಡಬೇಡಿ, ಕಾರ್ಡ್ ಸತ್ತಿದೆ ಎಂದು ಅಂಗಡಿಗೆ ಹೋಗುವ ಎಷ್ಟೋ ಲ್ಯಾಪ್‌ಟಾಪ್‌ಗಳಿಗೆ ಬೇಕಾದ್ದು ಇಷ್ಟೇ. ವಿಂಡೋಸ್ ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ ಅದೇ ಕಿಟಕಿಯ 'ಡ್ರೈವರ್' ಹಾಳೆಯಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ ಹಿಂದಿನ ಆವೃತ್ತಿಗೆ ಹೋಗಿ.

'ವ್ಯೂ' ಮೆನುವಿನಲ್ಲಿ 'ಶೋ ಹಿಡನ್ ಡಿವೈಸಸ್' ಒತ್ತಿದರೂ ಎಲ್ಲೂ ಸುಳಿವಿಲ್ಲವೇ? ಕಾರ್ಡ್ ಸಾಕೆಟ್‌ನಿಂದ ಸಡಿಲಾಗಿದೆ, ಸತ್ತಿದೆ, ಅಥವಾ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುನ್ನ ತೆರೆಯುವ ಲ್ಯಾಪ್‌ಟಾಪ್‌ನ ಮೂಲ ಸೆಟ್ಟಿಂಗ್) 'ವೈರ್‌ಲೆಸ್' ಆಫ್ ಆಗಿದೆ. ಬಯೋಸ್ ಮೊದಲು ನೋಡಿ, ಅದಕ್ಕೆ ಸ್ಕ್ರೂಡ್ರೈವರ್ ಬೇಡ.

ಲಕ್ಷಣ: ಪಕ್ಕದ ಮನೆಯವರ ವೈಫೈ ಕಾಣುತ್ತದೆ, ನಮ್ಮದೇ ಕಾಣುವುದಿಲ್ಲ

ಕಾರ್ಡ್ ಕೆಲಸ ಮಾಡುತ್ತಿದೆ. ನಿಮ್ಮ ರೂಟರ್ ಮಾತಾಡುವ ಬಗೆ ಅದಕ್ಕೆ ಗೊತ್ತಿಲ್ಲ, ಅಷ್ಟೆ.

ಹೆಚ್ಚು ಸಲ ಕಾರಣ ಬ್ಯಾಂಡ್. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಆನ್ ಇದ್ದು, ಲ್ಯಾಪ್‌ಟಾಪ್ 2.4 ಮಾತ್ರ ಬಲ್ಲದ್ದಾದರೆ ಹೆಸರು ಕಾಣುವುದೇ ಇಲ್ಲ. ಕಮಾಂಡ್ ಪ್ರಾಂಪ್ಟ್‌ನಲ್ಲಿ (ಸ್ಟಾರ್ಟ್‌ನಲ್ಲಿ cmd ಎಂದು ಹುಡುಕಿದರೆ ಸಿಗುವ ಕಪ್ಪು ಕಿಟಕಿ) 'ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಡ್ರೈವರ್ಸ್' (netsh wlan show drivers) ಆದೇಶ ಕೊಟ್ಟು 'ರೇಡಿಯೋ ಟೈಪ್ಸ್ ಸಪೋರ್ಟೆಡ್' ಸಾಲು ನೋಡಿ. 802.11ಎ ಅಥವಾ 802.11ಎಸಿ ಇದ್ದರೆ 5 ಗಿಗಾಹರ್ಟ್ಸ್ ಹಿಡಿಯುತ್ತದೆ. ಬಿ, ಜಿ, ಎನ್ ಮೂರೇ ಇದ್ದರೆ 2.4ಕ್ಕೇ ಸೀಮಿತ ಎಂದುಕೊಳ್ಳಿ. ರೂಟರ್‌ನಲ್ಲಿ 2.4 ಆನ್ ಮಾಡಿ, ಎರಡಕ್ಕೂ ಬೇರೆ ಬೇರೆ ಹೆಸರಿಡಿ. ಒಂದೇ ಹೆಸರಿಟ್ಟು, ಬ್ಯಾಂಡನ್ನು ರೂಟರೇ ಆರಿಸುವ 'ಸ್ಮಾರ್ಟ್ ಕನೆಕ್ಟ್'ಗೆ ಬಿಡುವುದಕ್ಕಿಂತ, ದೋಷ ಹುಡುಕುವಾಗಲಾದರೂ, ಬೇರೆ ಹೆಸರೇ ಮೇಲು.

ಇಂಟೆಲ್ ಕಾರ್ಡಿನ ಹಳೆಯ ಲ್ಯಾಪ್‌ಟಾಪ್ ಇದ್ದು, ಮನೆಗೆ ಹೊಸ ವೈಫೈ 6 ರೂಟರ್ ಬಂದ ದಿನದಿಂದ ಹೆಸರು ಕಾಣದಾಗಿದ್ದರೆ ದೋಷ ಹಳೆಯ ಡ್ರೈವರ್‌ನದು. ಹೊಸ ಬಗೆಯ ಘೋಷಣೆಯನ್ನು ಅದು ಓದಲಾರದೆ ಪಟ್ಟಿಯಿಂದಲೇ ಕೈಬಿಡುತ್ತದೆ. ಡ್ರೈವರ್ ಹೊಸದು ಹಾಕಿ. ಆಗದಿದ್ದರೆ ರೂಟರ್‌ನಲ್ಲಿ 802.11ಎಎಕ್ಸ್ (ವೈಫೈ 6ರ ಇನ್ನೊಂದು ಹೆಸರು) ಆಯ್ಕೆ ಆಫ್ ಮಾಡಿ.

ಚಾನೆಲ್, ಅಂದರೆ ಬ್ಯಾಂಡಿನೊಳಗಿನ ಒಂದೊಂದು ಓಣಿ, ಇನ್ನೊಂದು ಕಾರಣ. 2.4ರಲ್ಲಿ ರೂಟರ್ 12 ಅಥವಾ 13ನೇ ಚಾನೆಲ್ ಹಿಡಿದಿದ್ದರೆ ಅಮೆರಿಕದ ನಿಯಮಕ್ಕೆ ಹೊಂದಿಸಿದ ಲ್ಯಾಪ್‌ಟಾಪ್‌ಗಳು ಅದನ್ನು ಕಾಣದೇ ಇರಬಹುದು. ಅಲ್ಲಿಂದ ಮಕ್ಕಳು ತಂದುಕೊಟ್ಟ ಲ್ಯಾಪ್‌ಟಾಪ್ ಎಂದಾದರೆ ಇದನ್ನು ತಪ್ಪದೆ ನೋಡಿ. 1, 6, 11 ಇವುಗಳಲ್ಲಿ ಒಂದನ್ನು ಆರಿಸಿಡಿ, ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಇವೇ. 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ರಾಡಾರ್ ಜೊತೆ ಹಂಚಿಕೊಳ್ಳಬೇಕು. ರಾಡಾರ್ ಸದ್ದು ಕೇಳಿಸಿತೆಂದು ಅನಿಸಿದರೆ ರೂಟರ್ ಆ ಚಾನೆಲ್ ಬಿಟ್ಟು ಓಡುತ್ತದೆ, ಹೊಸ ಚಾನೆಲ್ ಹಿಡಿಯುವ ಮುನ್ನ ಒಂದು ನಿಮಿಷವಾದರೂ ಸುಮ್ಮನೆ ಕಿವಿಗೊಡುತ್ತದೆ. ವಿಮಾನ ನಿಲ್ದಾಣದ ಆಸುಪಾಸಿನ ಮನೆಗಳಲ್ಲಿ ಹೆಸರು ಕಾಣಿಸಿ ಮರೆಯಾಗಿ ಆಟವಾಡುತ್ತಿದ್ದರೆ 36ರಿಂದ 48ರೊಳಗೆ ಅಥವಾ 149ರಿಂದ ಮೇಲೆ ಇಡಿ.

ವೈಫೈಗೆ ಕನ್ನಡದಲ್ಲಿ ಹೆಸರಿಟ್ಟವರಿಗೆ ಒಂದು ಮಾತು. ವೈಫೈ ಹೆಸರಿಗೆ ಸಿಗುವ ಜಾಗ 32 ಬೈಟ್. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ ತಿಂದರೆ ಕನ್ನಡದಲ್ಲಿ ಮೂಲಾಕ್ಷರ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಒಂದೊಂದೂ ಮೂರು ಬೈಟ್. 'ನಮ್ಮ ಮನೆ' ಎಂದು ಬರೆದರೆ 22 ಬೈಟ್ ಮುಗಿಯಿತು. ಉದ್ದದ ಹೆಸರನ್ನು ರೂಟರ್ ನಡುವೆಯೇ ಕತ್ತರಿಸಬಹುದು, ಹಳೆಯ ಉಪಕರಣಗಳು ಅದನ್ನು ಚೌಕ ಚೌಕವಾಗಿಯೋ ಅರ್ಥವಿಲ್ಲದ ಗುರುತುಗಳಾಗಿಯೋ ತೋರಿಸಬಹುದು. ಪಟ್ಟಿಯಲ್ಲಿ ಅಂಥ ವಿಚಿತ್ರ ಹೆಸರೊಂದಿದ್ದರೆ ಅದು ನಿಮ್ಮದೇ ಇರಬಹುದು. ಕನ್ನಡದ ಹೆಸರು ಬೇಡ ಎಂದಲ್ಲ. ಚಿಕ್ಕದಾಗಿ ಇಡಿ.

ಲಕ್ಷಣ: ಹೆಸರು ಕಾಣುತ್ತದೆ, ಪಾಸ್‌ವರ್ಡ್ ಒಪ್ಪುವುದಿಲ್ಲ

ಕನ್ನಡ ಟೈಪ್ ಮಾಡುವವರ ಲ್ಯಾಪ್‌ಟಾಪ್‌ನಲ್ಲಿ ಮೊದಲು ನೋಡಬೇಕಾದ್ದು ಗಡಿಯಾರದ ಪಕ್ಕ ಇರುವ ಭಾಷೆಯ ಗುರುತು. ಅದು 'ಕನ್ನಡ' ಎಂದಿದ್ದರೆ ನೀವು ಒತ್ತಿದ ಕೀಲಿಗಳು ಕನ್ನಡ ಅಕ್ಷರಗಳಾಗಿ ಬೀಳುತ್ತಿರುತ್ತವೆ, ತೆರೆಯಲ್ಲಿ ಚುಕ್ಕಿಗಳಷ್ಟೇ ಕಾಣುವುದರಿಂದ ತಿಳಿಯುವುದಿಲ್ಲ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಇಂಗ್ಲಿಷಿಗೆ ಬನ್ನಿ. ನುಡಿ, ಬರಹದಂಥ ತಂತ್ರಾಂಶ ಆನ್ ಇದ್ದರೆ ಮುಚ್ಚಿ. ಪಾಸ್‌ವರ್ಡ್ ಜಾಗದ ಕೊನೆಯಲ್ಲಿರುವ ಕಣ್ಣಿನ ಚಿತ್ರ ಒತ್ತಿ ಹಿಡಿದರೆ ಏನು ಬಿದ್ದಿದೆ ಎಂದು ಓದಬಹುದು.

ರೂಟರ್ ತಳದ ಚೀಟಿಯಲ್ಲಿರುವ ಪಾಸ್‌ವರ್ಡ್‌ನಲ್ಲಿ ಸೊನ್ನೆಯೋ 'ಓ' ಅಕ್ಷರವೋ, ಒಂದೋ ಚಿಕ್ಕ 'ಎಲ್' ಅಕ್ಷರವೋ ಎಂಬ ಗೊಂದಲ ಇದ್ದದ್ದೇ. ಅದನ್ನು ಊಹಿಸುತ್ತ ಕೂರಬೇಡಿ. ಸೇರಿಕೊಂಡಿರುವ ಆಂಡ್ರಾಯ್ಡ್ ಫೋನಿನಲ್ಲಿ ಆ ವೈಫೈಯನ್ನು 'ಶೇರ್' ಮಾಡಿದರೆ ಬಹಳಷ್ಟು ಫೋನುಗಳು ಕ್ಯೂಆರ್ ಕೋಡ್ ಕೆಳಗೆ ಪಾಸ್‌ವರ್ಡನ್ನು ಬರೆದೇ ತೋರಿಸುತ್ತವೆ. ಪಾಸ್‌ವರ್ಡ್ 8ರಿಂದ 63 ಅಕ್ಷರದೊಳಗೆ ಇರಬೇಕು, ಅದೂ ಇಂಗ್ಲಿಷ್ ಕೀಬೋರ್ಡಿನ ಗುರುತುಗಳೇ ಆಗಿರಬೇಕು.

ರೂಟರ್‌ನ ಪಾಸ್‌ವರ್ಡ್ ಇತ್ತೀಚೆಗೆ ಬದಲಾಗಿದ್ದರೆ ಲ್ಯಾಪ್‌ಟಾಪ್ ಹಳೆಯದನ್ನೇ ಹಿಡಿದುಕೊಂಡು ಪ್ರಯತ್ನಿಸುತ್ತಿರುತ್ತದೆ. 'ಮ್ಯಾನೇಜ್ ನೋನ್ ನೆಟ್‌ವರ್ಕ್ಸ್'ಗೆ ಹೋಗಿ 'ಫರ್ಗೆಟ್' ಒತ್ತಿ ಹೊಸದಾಗಿ ಸೇರಿಸಿ.

ಪಾಸ್‌ವರ್ಡ್ ಖಂಡಿತ ಸರಿ, ಆದರೂ 'ಕಾಂಟ್ ಕನೆಕ್ಟ್ ಟು ದಿಸ್ ನೆಟ್‌ವರ್ಕ್' ಎನ್ನುತ್ತದೆಯೇ? ರೂಟರ್ ಭದ್ರತೆ 'ಡಬ್ಲ್ಯುಪಿಎ3' ಮಾತ್ರ ಎಂದಿದೆಯಾ ನೋಡಿ. ಆ ಪದ್ಧತಿ ಬಂದದ್ದು 2018ರಲ್ಲಿ, ಅದಕ್ಕೂ ಹಿಂದಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಿಗೆ ಅದು ತಿಳಿಯದು. 'ಡಬ್ಲ್ಯುಪಿಎ2/ಡಬ್ಲ್ಯುಪಿಎ3' ಮಿಶ್ರ ಆಯ್ಕೆ ಇಡಿ, ಅದಕ್ಕೂ ತಕರಾರಾದರೆ 'ಡಬ್ಲ್ಯುಪಿಎ2-ಎಇಎಸ್'. ಅದಕ್ಕಿಂತ ಕೆಳಗೆ, ಡಬ್ಲ್ಯುಇಪಿಗೋ ಪಾಸ್‌ವರ್ಡ್ ಇಲ್ಲದ್ದಕ್ಕೋ ಇಳಿಯಬೇಡಿ. ಮನೆಯಲ್ಲಿ ಯಾರಾದರೂ ರೂಟರ್‌ನಲ್ಲಿ 'ಮ್ಯಾಕ್ ಫಿಲ್ಟರ್' (ಗುರುತಿನ ಸಂಖ್ಯೆ ನೋಡಿ ಗೊತ್ತಿರುವ ಉಪಕರಣಗಳನ್ನಷ್ಟೇ ಬಿಡುವ ವ್ಯವಸ್ಥೆ) ಹಾಕಿದ್ದರೆ ಲ್ಯಾಪ್‌ಟಾಪ್‌ನ 'ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್' ಆಫ್ ಮಾಡಬೇಕು, ಇಲ್ಲದಿದ್ದರೆ ರೂಟರ್‌ಗೆ ಅದು ಅಪರಿಚಿತವಾಗಿಯೇ ಕಾಣುತ್ತದೆ.

ಲಕ್ಷಣ: ಸೇರಿಕೊಂಡಿದೆ, ಆದರೆ 'ನೋ ಇಂಟರ್ನೆಟ್'

ಗೋಡೆಯಾಚೆಯ ತೊಂದರೆಯಲ್ಲ ಎಂದು ಮೊಬೈಲ್ ಪರೀಕ್ಷೆಯಲ್ಲಿ ಖಚಿತವಾಗಿದ್ದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಐಪಿಕಾನ್ಫಿಗ್' (ipconfig) ಕೊಟ್ಟು ವೈಫೈ ಅಡಾಪ್ಟರ್ ಕೆಳಗಿನ 'ಐಪಿವಿ4 ಅಡ್ರೆಸ್' ಓದಿ. ಮುಂದಿನ ದಾರಿ ಆ ಅಂಕಿಯ ಮೇಲೆ ನಿಂತಿದೆ.

ಅದು 169.254 ಎಂದು ಶುರುವಾದರೆ ರೂಟರ್ ವಿಳಾಸ ಕೊಟ್ಟಿಲ್ಲ, ಲ್ಯಾಪ್‌ಟಾಪ್ ಕಾದು ಸಾಕಾಗಿ ತಾನೇ ಒಂದನ್ನು ಇಟ್ಟುಕೊಂಡಿದೆ. ರೂಟರ್ ಮರುಚಾಲನೆ ಮಾಡಿ. ಮನೆಯಲ್ಲಿ ಟಿವಿ, ಕ್ಯಾಮೆರಾ, ಬಲ್ಬು, ಬಂದುಹೋದ ನೆಂಟರ ಫೋನು ಎಲ್ಲ ಸೇರಿ ರೂಟರ್ ಹಂಚುವ ವಿಳಾಸಗಳು ಖರ್ಚಾಗಿದ್ದರೂ ಹೀಗಾಗುತ್ತದೆ. ರೂಟರ್ ಪುಟದ 'ಡಿಎಚ್‌ಸಿಪಿ' (ವಿಳಾಸ ಹಂಚುವ ವ್ಯವಸ್ಥೆ) ಭಾಗದಲ್ಲಿ ಶುರು ಮತ್ತು ಕೊನೆಯ ವಿಳಾಸ ನೋಡಿ ಅಂತರ ಹೆಚ್ಚಿಸಿ.

ವಿಳಾಸ 192.168 ಎಂದು ಶುರುವಾದರೂ ಮೊಬೈಲ್‌ನದಕ್ಕೆ ಹೊಂದದಿದ್ದರೆ, ಉದಾಹರಣೆಗೆ ಮೊಬೈಲ್‌ನದು 192.168.1.7 ಇದ್ದು ಲ್ಯಾಪ್‌ಟಾಪ್‌ನದು 192.168.0.12 ಇದ್ದರೆ, ಎರಡು ಸಾಧ್ಯತೆ. ಒಂದು, ಆಫೀಸಿನಲ್ಲೋ ಕಾಲೇಜಿನಲ್ಲೋ ಯಾರೋ ಕೈಯಾರೆ ಹಾಕಿದ ವಿಳಾಸ ಹಾಗೇ ಉಳಿದಿದೆ. ವೈಫೈ ಪ್ರಾಪರ್ಟೀಸ್‌ನಲ್ಲಿ 'ಐಪಿ ಅಸೈನ್‌ಮೆಂಟ್' ಮತ್ತು 'ಡಿಎನ್‌ಎಸ್ ಅಸೈನ್‌ಮೆಂಟ್' ಎರಡನ್ನೂ 'ಆಟೋಮ್ಯಾಟಿಕ್' ಮಾಡಿ. ಎರಡು, ಮಹಡಿಯ ಮೇಲೆ ಸಿಗ್ನಲ್ ಸಾಲದೆಂದು ಹಳೆಯ ರೂಟರ್ ಒಂದನ್ನು ಜೋಡಿಸಿದ್ದೀರಿ, ಈಗ ಇಬ್ಬರೂ ವಿಳಾಸ ಹಂಚುತ್ತಿದ್ದಾರೆ. ಯಾರು ಮೊದಲು ಉತ್ತರಿಸುತ್ತಾರೋ ಅವರ ವಿಳಾಸ ಸಿಗುವುದರಿಂದ ಬೆಳಿಗ್ಗೆ ನೆಟ್ ಬಂದು ಸಂಜೆ ಬರುವುದಿಲ್ಲ, ಫೋನಿಗೆ ಬಂದು ಲ್ಯಾಪ್‌ಟಾಪ್‌ಗೆ ಬರುವುದಿಲ್ಲ. ಎರಡನೇ ರೂಟರ್‌ನ ವಿಳಾಸವನ್ನು 192.168.1.2ರಂತೆ ಮೊದಲನೆಯದರ ಸಾಲಿಗೆ ತಂದು, ಅದರ ಡಿಎಚ್‌ಸಿಪಿ ಆಫ್ ಮಾಡಿ, ಕೇಬಲನ್ನು ಅದರ 'ವ್ಯಾನ್' ತೂತಿಗಲ್ಲ, 'ಲ್ಯಾನ್' ತೂತಿಗೆ ಹಾಕಿ.

ವಿಳಾಸ ಸರಿಯಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ. ಐಪಿಕಾನ್ಫಿಗ್ ತೋರಿಸಿದ 'ಡಿಫಾಲ್ಟ್ ಗೇಟ್‌ವೇ'ಗೆ (ಅದು ರೂಟರ್‌ನ ವಿಳಾಸ) 'ಪಿಂಗ್' ಮಾಡಿ, ಅಂದರೆ ping ಎಂದು ಬರೆದು ಮುಂದೆ ಆ ಅಂಕಿ ಹಾಕಿ ಉತ್ತರ ಬರುತ್ತದೆಯೇ ನೋಡಿ. ಉತ್ತರ ಬಂದರೆ ರೂಟರ್‌ವರೆಗೆ ದಾರಿ ಸರಿ. ಗೂಗಲ್‌ನ ಸರ್ವರ್ ವಿಳಾಸವಾದ 8.8.8.8ಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಹೊರಗಿನವರೆಗೂ ಸರಿ. ಇಷ್ಟಾಗಿಯೂ ಬ್ರೌಸರ್‌ನಲ್ಲಿ ಯಾವ ತಾಣವೂ ತೆರೆಯದಿದ್ದರೆ ಹೆಸರನ್ನು ಅಂಕಿಗೆ ತಿರುಗಿಸುವ ಡಿಎನ್‌ಎಸ್ ಕೈಕೊಟ್ಟಿದೆ. ಡಿಎನ್‌ಎಸ್ ಮ್ಯಾನುಯಲ್ ಮಾಡಿ 8.8.8.8 ಮತ್ತು 1.1.1.1 ಹಾಕಿ ನೋಡಿ.

ಡಿಎನ್‌ಎಸ್ ಬದಲಿಸಿಯೂ ಆಗದಿದ್ದರೆ ಈ ನಾಲ್ಕು ಉಳಿದಿವೆ. ಆಫೀಸಿನ ನೆಟ್‌ವರ್ಕ್‌ಗೆ ಹಾದಿ ಮಾಡುವ ವಿಪಿಎನ್ ಹಿನ್ನೆಲೆಯಲ್ಲಿ ಆನ್ ಇದೆಯೇ? ಸೆಟ್ಟಿಂಗ್ಸ್‌ನ 'ಪ್ರಾಕ್ಸಿ'ಯಲ್ಲಿ (ನೆಟ್ ಹಾದುಹೋಗುವ ನಡುವಿನ ಸರ್ವರ್) ಕಾಲೇಜಿನ ಹಳೆಯ ವಿಳಾಸ ಉಳಿದಿದೆಯೇ? ಕೇಬಲ್ ಆಪರೇಟರ್ ಸಂಪರ್ಕವಾದರೆ ಲಾಗಿನ್ ಪುಟ ಕಾದಿದೆಯೇ? ಕೊನೆಯದಾಗಿ, ಗಡಿಯಾರ. ಲ್ಯಾಪ್‌ಟಾಪ್ ತಾರೀಖು ವರ್ಷಗಟ್ಟಲೆ ಹಿಂದಿದ್ದರೆ ತಾಣಗಳ ಭದ್ರತಾ ಪ್ರಮಾಣಪತ್ರ ಹೊಂದದೆ ಬ್ರೌಸರ್ ಪ್ರತಿಯೊಂದಕ್ಕೂ ಅಪಾಯದ ಎಚ್ಚರಿಕೆ ಕೊಡುತ್ತದೆ. ಸರಿಮಾಡಿದ ಮೇಲೂ ಆಫ್ ಮಾಡಿದಾಗಲೆಲ್ಲ ತಾರೀಖು ತಪ್ಪುತ್ತಿದ್ದರೆ ಒಳಗಿನ ಗುಂಡಿ ಬ್ಯಾಟರಿ ಮುಗಿದಿದೆ.

ಲಕ್ಷಣ: ರೂಟರ್ ಪಕ್ಕ ಕೂತರೆ ಮಾತ್ರ ಸಿಗುತ್ತದೆ, ಇಲ್ಲವೇ ಪದೇ ಪದೇ ಕಡಿದುಹೋಗುತ್ತದೆ

ಹೆಚ್ಚು ಜನರನ್ನು ದಾರಿ ತಪ್ಪಿಸುವ ಲಕ್ಷಣ ಇದು. ಸಿಗ್ನಲ್ ಎಷ್ಟಿದೆ ಎಂದು ಅಳೆಯದೆ ಏನೂ ಮಾಡಬೇಡಿ. ಮ್ಯಾಕ್‌ನಲ್ಲಿ 'ಆಪ್ಷನ್' ಕೀಲಿ ಒತ್ತಿ ಹಿಡಿದು ವೈಫೈ ಚಿತ್ರ ಕ್ಲಿಕ್ಕಿಸಿದರೆ 'ಆರ್‌ಎಸ್‌ಎಸ್‌ಐ' ಎಂಬ ಅಂಕಿ ಕಾಣುತ್ತದೆ. -50ರ ಆಸುಪಾಸು ಉತ್ತಮ, -67ರವರೆಗೆ ವಿಡಿಯೋ ಕರೆಗೆ ಅಡ್ಡಿಯಿಲ್ಲ, -80 ದಾಟಿದರೆ ಹೆಸರು ಕಂಡರೂ ಪ್ರಯೋಜನವಿಲ್ಲ. ವಿಂಡೋಸ್‌ನಲ್ಲಿ 'ನೆಟ್‌ಎಸ್‌ಎಚ್ ಡಬ್ಲ್ಯುಲ್ಯಾನ್ ಶೋ ಇಂಟರ್‌ಫೇಸಸ್' (netsh wlan show interfaces) ಆದೇಶಕ್ಕೆ 'ಸಿಗ್ನಲ್' ಶೇಕಡಾವಾರು ಸಿಗುತ್ತದೆ. ರೂಟರ್‌ನಿಂದ ಎರಡು ಮೀಟರ್ ದೂರದಲ್ಲಿ, ನಡುವೆ ಏನೂ ಅಡ್ಡವಿಲ್ಲದೆ ಅಳೆಯಿರಿ. ಅಲ್ಲಿ 90ಕ್ಕೆ ಮೇಲಿದ್ದು ಕೋಣೆಗೆ ಹೋದಾಗ ಬಿದ್ದುಹೋದರೆ ಗೋಡೆಯ ತಪ್ಪು. ಎರಡು ಮೀಟರ್‌ನಲ್ಲೇ 50ರ ಕೆಳಗಿದ್ದರೆ ಲ್ಯಾಪ್‌ಟಾಪ್‌ನ ಆಂಟೆನಾದ ತಪ್ಪು.

ಆಂಟೆನಾ ಇರುವುದು ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಅಂಚಿನಲ್ಲಿ. ಅಲ್ಲಿಂದ ಎರಡು ತೆಳ್ಳನೆಯ ತಂತಿಗಳು, ಸಾಮಾನ್ಯವಾಗಿ ಒಂದು ಕಪ್ಪು ಒಂದು ಬಿಳಿ, ತಿರುಗಣೆಯ (ಪರದೆ ಮಡಚುವ ಕೀಲು) ಮೂಲಕ ಇಳಿದು ವೈಫೈ ಕಾರ್ಡಿಗೆ ಕೂರುತ್ತವೆ. ತುದಿಯ ಚಿನ್ನದ ಬಣ್ಣದ ಕನೆಕ್ಟರ್ ಸಾಸಿವೆ ಕಾಳಿಗಿಂತ ತುಸು ದೊಡ್ಡದಿರಬಹುದು, ಅಷ್ಟೆ. ರ‍್ಯಾಮ್ ಹಾಕಿಸಿದಾಗ, ಎಸ್‌ಎಸ್‌ಡಿ ಬದಲಿಸಿದಾಗ, ಮುರಿದ ತಿರುಗಣೆ ರಿಪೇರಿ ಮಾಡಿಸಿದಾಗ ಇವುಗಳಲ್ಲೊಂದು ಎದ್ದುಬಂದು ವಾಪಸ್ ಕೂರದೆ ಉಳಿಯುತ್ತದೆ. ತಂತಿ ಇಲ್ಲದೆಯೂ ಕಾರ್ಡ್ ಅಲ್ಪಸ್ವಲ್ಪ ಹಿಡಿಯುವುದರಿಂದ 'ರೂಟರ್ ಪಕ್ಕ ಕೂತರೆ ಬರುತ್ತೆ' ಎಂಬ ವಿಚಿತ್ರ ಸ್ಥಿತಿ. 'ಅಂಗಡಿಯಿಂದ ಬಂದ ಮೇಲೆ ವೈಫೈ ಸರಿಯಿಲ್ಲ' ಎಂದರೆ ಡ್ರೈವರ್ ಕಡೆ ನೋಡುವುದೇ ಬೇಡ, ನೇರ ಇದನ್ನೇ ಕೇಳಿ. ಪರದೆಯನ್ನು ಹಿಂದೆ ಮುಂದೆ ಬಾಗಿಸಿದಾಗ ಸಿಗ್ನಲ್ ಏರಿಳಿದರೆ ತಿರುಗಣೆಯೊಳಗೆ ತಂತಿ ಸವೆದಿದೆ.

ಆಂಟೆನಾ ಸರಿಯಿದ್ದರೆ ಸುತ್ತಮುತ್ತ ನೋಡಿ. ಪಕ್ಕದಲ್ಲೇ ಯುಎಸ್‌ಬಿ 3 ಹಬ್ ಅಥವಾ ಬಾಹ್ಯ ಹಾರ್ಡ್ ಡಿಸ್ಕ್ ಇದ್ದರೆ ಕಿತ್ತು ನೋಡಿ. ಯುಎಸ್‌ಬಿ 3ರ ದತ್ತಾಂಶ ಓಡಾಟ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ ಗದ್ದಲ ಎಬ್ಬಿಸುತ್ತದೆ. ಬ್ಯಾಕಪ್ ಮಾಡುವಾಗ ಮಾತ್ರ ವೈಫೈ ಹೋಗುವುದಕ್ಕೆ ಕಾರಣ ಇದೇ. ಮೈಕ್ರೋವೇವ್ ಓವನ್ ಕೂಡ ಅದೇ ಬ್ಯಾಂಡಿನದು. ಎರಡಕ್ಕೂ ಪರಿಹಾರ 5 ಗಿಗಾಹರ್ಟ್ಸ್‌ಗೆ ಹೋಗುವುದು. ಆದರೆ 5 ಗಿಗಾಹರ್ಟ್ಸ್ ದಪ್ಪ ಗೋಡೆ ದಾಟುವುದರಲ್ಲಿ ಬಡವ. ಮಲೆನಾಡಿನ ಮಣ್ಣಿನ ಗೋಡೆ, ಕರಾವಳಿಯ ಕೆಂಪುಕಲ್ಲಿನ ಗೋಡೆ ಇದ್ದ ಮನೆಯಲ್ಲಿ ಒಳಕೋಣೆಗೆ 2.4ನ್ನೇ ನಂಬಬೇಕು. ರೂಟರನ್ನು ಟಿವಿ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ, ಶೋಕೇಸಿನ ಒಳಗೆ ಇಟ್ಟು ಸಿಗ್ನಲ್ ಇಲ್ಲ ಎಂದರೆ ಯಾರೇನು ಮಾಡಲಾದೀತು? ಎದೆಮಟ್ಟಕ್ಕಿಂತ ಎತ್ತರದಲ್ಲಿ, ಮನೆಯ ನಡುಭಾಗದಲ್ಲಿ ಬಯಲಾಗಿ ಇಡಿ.

ನಿದ್ರೆಯಿಂದ ಎದ್ದಾಗ ಮಾತ್ರ ವೈಫೈ ಹೋಗುತ್ತಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ 'ಪವರ್ ಮ್ಯಾನೇಜ್‌ಮೆಂಟ್' ಹಾಳೆ ಇದ್ದರೆ, ವಿದ್ಯುತ್ ಉಳಿಸಲು ಕಾರ್ಡ್ ಆಫ್ ಮಾಡಬಹುದು ಎಂಬ ಟಿಕ್ ತೆಗೆಯಿರಿ.

ಇಷ್ಟಾದರೂ ಆಗದಿದ್ದರೆ

'ನೆಟ್‌ವರ್ಕ್ ರೀಸೆಟ್' ಮಾಡಿ. ವಿಂಡೋಸ್ 11ರಲ್ಲಿ ಅದು 'ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್' ಒಳಗಿದೆ, 10ರಲ್ಲಿ 'ಸ್ಟೇಟಸ್' ಪುಟದ ಕೆಳಗೆ. ಉಳಿಸಿದ ಎಲ್ಲ ವೈಫೈ ಪಾಸ್‌ವರ್ಡ್‌ಗಳು ಹೋಗುತ್ತವೆ, ವಿಪಿಎನ್ ಮತ್ತೆ ಹಾಕಬೇಕಾಗಬಹುದು. ಆಫೀಸಿನ ಲ್ಯಾಪ್‌ಟಾಪ್ ಆದರೆ ಇದನ್ನು ಮಾಡುವ ಮೊದಲು ಅಲ್ಲಿನ ಐಟಿಯವರನ್ನು ಕೇಳಿ.

ಅದೂ ಸೋತರೆ ದೋಷ ವಿಂಡೋಸ್‌ನದೋ ಕಾರ್ಡಿನದೋ ಎಂದು ತೀರ್ಮಾನಿಸುವ ಒಂದು ಪರೀಕ್ಷೆ ಇದೆ: ವಿಂಡೋಸ್ ಬದಲು ಬಳಸುವ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವನ್ನು ಪೆನ್ ಡ್ರೈವಿಗೆ ಹಾಕಿ, ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡದೆ 'ಟ್ರೈ' ಆಯ್ಕೆಯಲ್ಲಿ ವೈಫೈ ಸೇರಿಸಿ ನೋಡುವುದು. ಅಲ್ಲಿ ಸಲೀಸಾಗಿ ಸೇರಿದರೆ ಕಾರ್ಡ್ ಗಟ್ಟಿ. ಅಲ್ಲೂ ಕಾಣದಿದ್ದರೆ ಬಹುಮಟ್ಟಿಗೆ ಕಾರ್ಡೇ ಹೋಗಿದೆ, ಫಾರ್ಮ್ಯಾಟ್ ಮಾಡಿಸಿ ದುಡ್ಡು ಕಳೆಯಬೇಡಿ.

ಕಾರ್ಡ್ ಹೋಗಿದ್ದರೆ ಎಲ್ಲಕ್ಕಿಂತ ಸುಲಭದ ದಾರಿ ಯುಎಸ್‌ಬಿ ವೈಫೈ ಅಡಾಪ್ಟರ್. ಕೊಳ್ಳುವಾಗ 'ಡ್ಯುಯಲ್ ಬ್ಯಾಂಡ್' ಎಂದು ಬರೆದಿದೆಯೇ ನೋಡಿ. ಉಗುರಿನಷ್ಟಿರುವ ಅಗ್ಗದವು ಹೆಚ್ಚಾಗಿ 2.4 ಮಾತ್ರ. ಒಳಗಿನ ಕಾರ್ಡೇ ಬದಲಿಸುವುದಾದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೋ ಆನ್‌ಲೈನ್‌ನಲ್ಲೋ ಸಿಗುತ್ತದೆ, ಆದರೆ ಅಂಕಿ ನೋಡಿ ಕೊಳ್ಳಿ. ಇಂಟೆಲ್‌ನ ಎಎಕ್ಸ್201, ಎಎಕ್ಸ್211 ಕಾರ್ಡುಗಳು ಅರ್ಧ ಕೆಲಸವನ್ನು ಇಂಟೆಲ್ ಪ್ರೊಸೆಸರ್ ಕಡೆಗೇ ಬಿಡುವಂಥವು. ಎಎಮ್‌ಡಿ ಲ್ಯಾಪ್‌ಟಾಪ್‌ಗೂ ಹಳೆಯ ಇಂಟೆಲ್ ಲ್ಯಾಪ್‌ಟಾಪ್‌ಗೂ ಹಾಕಿದರೆ ಸಾಕೆಟ್‌ನಲ್ಲಿ ಚೆನ್ನಾಗಿ ಕೂರುತ್ತವೆ, ಕೆಲಸ ಮಾಡುವುದಿಲ್ಲ. ಎಂ.2 ಎಂಬ ಬಗೆಯ ಸಾಕೆಟ್ ಇರುವ ಅಂಥ ಲ್ಯಾಪ್‌ಟಾಪ್‌ಗಳಿಗೆ ಎಎಕ್ಸ್200, ಎಎಕ್ಸ್210 ಆಗುತ್ತವೆ. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಬಯೋಸ್ ತನ್ನ ಪಟ್ಟಿಯಲ್ಲಿಲ್ಲದ ಕಾರ್ಡನ್ನು ಕಂಡರೆ ಬೂಟ್ ಆಗಲೂ ಒಪ್ಪುವುದಿಲ್ಲ, ಅದಕ್ಕೆ ವಾಪಸ್ ತೆಗೆದುಕೊಳ್ಳುವ ಅಂಗಡಿಯಲ್ಲೇ ಕೊಳ್ಳಿ. ಕೆಲವು ಮಾದರಿಗಳಲ್ಲಿ ಕಾರ್ಡನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಗ ಯುಎಸ್‌ಬಿಯೇ ಗತಿ.

ತಳ ಬಿಚ್ಚುವ ಮುನ್ನ ಲ್ಯಾಪ್‌ಟಾಪನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಅಲುಗಾಡುತ್ತಿದ್ದರೆ, ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ. ಅಲ್ಲಿಗೆ ನಿಲ್ಲಿಸಿ, ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ, ನೇರ ಸರ್ವಿಸ್ ಸೆಂಟರಿಗೆ ಒಯ್ಯಿರಿ. ವಾರಂಟಿ ಇದ್ದರೂ ಬಿಚ್ಚಬೇಡಿ. ಹಾಗಿಲ್ಲದಿದ್ದರೆ ಚಾರ್ಜರ್ ತೆಗೆದು, ತಳ ತೆರೆದ ಕೂಡಲೇ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಆಮೇಲೆ ಕಾರ್ಡ್ ಮುಟ್ಟಿ. ಯಾವ ತಂತಿ ಯಾವ ಕಡೆ ಇತ್ತು ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಕನೆಕ್ಟರನ್ನು ನೇರ ಮೇಲಕ್ಕೆ ಎತ್ತಬೇಕು, ಕೂರಿಸುವಾಗ ಬೆರಳುಗುರಿನಿಂದ ನೇರ ಕೆಳಕ್ಕೆ ಒತ್ತಿದರೆ 'ಟಿಕ್' ಎನ್ನುತ್ತದೆ. ಓರೆಯಾಗಿ ಒತ್ತಿದರೆ ಕಾರ್ಡಿನ ಮೇಲಿನ ಪುಟ್ಟ ಉಂಗುರ ಚಪ್ಪಟೆಯಾಗಿ ಕಾರ್ಡೇ ವ್ಯರ್ಥ.

ಅಂಗಡಿಗೆ ಒಯ್ಯುವುದಾದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ: ಲ್ಯಾಪ್‌ಟಾಪ್ ಮಾದರಿ ಸಂಖ್ಯೆ, ಹಾಟ್‌ಸ್ಪಾಟ್‌ಗೆ ಸೇರುತ್ತದೆಯೋ ಇಲ್ಲವೋ, ಡಿವೈಸ್ ಮ್ಯಾನೇಜರ್‌ನ ಕೋಡ್, ಎರಡು ಮೀಟರ್‌ನಲ್ಲಿ ಸಿಗ್ನಲ್ ಎಷ್ಟು, ತೊಂದರೆ ಶುರುವಾಗುವ ಮೊದಲು ಏನು ಬದಲಾಗಿತ್ತು. ವಾಪಸ್ ತರುವಾಗ ಅವರ ರೂಟರ್ ಇರುವ ಮೇಜಿನ ಪಕ್ಕ ನಿಂತು ಪರೀಕ್ಷಿಸಬೇಡಿ. ಅಂಗಡಿಯ ಬಾಗಿಲಾಚೆ ಹೋಗಿ, ಬ್ಯಾಟರಿಯ ಮೇಲೆ ಓಡಿಸಿ, ಐದು ನಿಮಿಷದ ವಿಡಿಯೋ ಒಂದು ತಡೆಯಿಲ್ಲದೆ ನಡೆಯಿತೋ ನೋಡಿ ದುಡ್ಡು ಕೊಡಿ.